ಕಾಯಿಲೆಯ ಲೆಕ್ಕ ಹಾಕುವ ಮುಂಚೆ ಗಡಿ ನೋಡಿ

ಒಂದು ಪ್ರದೇಶದ ಜನ ಪಕ್ಕದವರಿಗಿಂತ ಜಾಸ್ತಿ ಕಾಯಿಲೆ ಬೀಳುವುದು ಯಾಕೆ ಅಂತ ಬರೆಯಲು ಹೊರಟಿದ್ದೀರಾ? ಹಾಗಾದರೆ ಅಂಕಿ ಅಂಶ ಆಮೇಲೆ ನೋಡೋಣ. ಮೊದಲು ನಕ್ಷೆ ತೆಗೆದು, ಅದರಲ್ಲಿರುವ ಗೆರೆಯನ್ನು ಯಾರು, ಯಾವಾಗ, ಯಾತಕ್ಕೆ ಎಳೆದರು ಅಂತ ಕೇಳಿ.

ಆ ಗೆರೆ ಎಳೆದಿರುವುದು ತೆರಿಗೆಗೋ ಚುನಾವಣೆಗೋ ಇರುತ್ತದೆ. ಕಾಯಿಲೆ ಅದನ್ನು ನೋಡಿಕೊಂಡು ಹರಡುವುದಿಲ್ಲ, ಅಲ್ವಾ? ಲಂಡನ್ನಿನ ವೈದ್ಯ ಜಾನ್ ಸ್ನೋ ಅಂದ ಕೂಡಲೇ ಗೊತ್ತಿದ್ದವರಿಗೆ 1854ರ ಕಾಲರಾ, ಅದು ಹರಡಲು ಕಾರಣ ಅಂತ ಅವರು ಗುರುತಿಸಿದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು ನೆನಪಾಗುತ್ತದೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಅದೇ ವರ್ಷ ಅವರು ದಕ್ಷಿಣ ಲಂಡನ್ನಿನಲ್ಲಿ ಮಾಡಿದ ಕೆಲಸ. ಅಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳು ಎಷ್ಟೋ ಕಡೆ ಒಂದೇ ಬೀದಿಯಲ್ಲಿ ಹಾದುಹೋಗಿದ್ದವು; ಲ್ಯಾಂಬೆತ್ ಕಂಪನಿ 1852ರಿಂದ ಥೇಮ್ಸ್ ನದಿಯ ಮೇಲ್ಭಾಗದಲ್ಲಿ, ನಗರದ ಕೊಳಚೆ ಸೇರುವ ಮುಂಚೆಯೇ ನೀರೆತ್ತುತ್ತಿತ್ತು, ಇನ್ನೊಂದು ಕಂಪನಿ ಕೊಳಚೆ ಸೇರಿದ ನೀರನ್ನೇ ಕೊಡುತ್ತಿತ್ತು. ಸತ್ತವರ ಮನೆಗೆ ಯಾರ ನೀರು ಬರುತ್ತಿತ್ತು ಅಂತ ಸ್ನೋ ಒಂದೊಂದೇ ಮನೆ ವಿಚಾರಿಸಿದರು. ಕೊಳಚೆ ನೀರು ಬರುತ್ತಿದ್ದ ಮನೆಗಳಲ್ಲೇ ಸಾವು ಜಾಸ್ತಿ ಇತ್ತು. ಬಡಾವಣೆವಾರು ಲೆಕ್ಕ ಹಾಕಿ ಸುಮ್ನೆ ಕೂತಿದ್ದರೆ ಆ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ನೀರು ಬರುವ ದಾರಿ, ಬಸ್ಸಿನ ದಾರಿ, ಕೂಲಿಗೆ ಹೋಗುವ ದಾರಿ, ಹೆರಿಗೆಗೆ ಹೋಗುವ ದಾರಿ, ಇವನ್ನೆಲ್ಲ ನಿಮ್ಮ ನಕ್ಷೆಯ ಮೇಲೆ ಬರೆಯಿರಿ. ನಿಮ್ಮ ಅರ್ಧ ಸಮಯ ಇದಕ್ಕೇ ಹೋದರೂ ಪರವಾಗಿಲ್ಲ.

ಈಗ ಅಂಕಿಗೆ ಬನ್ನಿ. ಒಟ್ಟು ಸಂಖ್ಯೆ ಬೇಡ, ಸಾವಿರಕ್ಕೆ ಎಷ್ಟು ಅಂತ ನೋಡಿ. ವಯಸ್ಸಾದವರು ಜಾಸ್ತಿ ಇರುವ ಕಡೆ ಸಾವೂ ಜಾಸ್ತಿ, ಹಾಗಾಗಿ ಒಂದೇ ವಯಸ್ಸಿನವರನ್ನು ಹೋಲಿಸಿ ಅದನ್ನು ಸರಿದೂಗಿಸಿ.

ಪ್ರದೇಶದ ಸರಾಸರಿಯನ್ನು ಒಬ್ಬೊಬ್ಬರ ತಲೆಗೂ ಕಟ್ಟಬೇಡಿ. ಇದು ತುಂಬಾ ಜನ ಮಾಡುವ ತಪ್ಪು. 1950ರಲ್ಲಿ ರಾಬಿನ್ಸನ್ ಅನ್ನುವ ಸಮಾಜಶಾಸ್ತ್ರಜ್ಞ 1930ರ ಅಮೆರಿಕದ ಜನಗಣತಿ ಹಿಡಿದು ಇದನ್ನು ತೋರಿಸಿದರು. ವಲಸೆ ಬಂದವರು ಜಾಸ್ತಿ ಇದ್ದ ರಾಜ್ಯಗಳಲ್ಲಿ ಅಕ್ಷರಸ್ಥರೂ ಜಾಸ್ತಿ ಇದ್ದರು, ಆದರೆ ವಲಸಿಗರನ್ನೇ ಬೇರೆಯಾಗಿ ನೋಡಿದರೆ ಅವರಲ್ಲಿ ಅಕ್ಷರಸ್ಥರು ಕಡಿಮೆ.

ಆಸ್ಪತ್ರೆ ಎಲ್ಲಿದೆ ಅಂತ ಗುರುತು ಹಾಕಿದರೆ ಸಾಲದು, ಯಾರಿಗೆ ಸಿಗುತ್ತಿದೆ ಅಂತ ಕೇಳಿ. ಒಳ್ಳೆಯ ಚಿಕಿತ್ಸೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ ವೇಲ್ಸಿನ ವೈದ್ಯ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು.

ಕೊನೆಗೆ ರಾಜಕೀಯ. ಇದನ್ನು ಬಿಡಲೇಬೇಡಿ. 1848ರಲ್ಲಿ ಮೇಲಿನ ಸೈಲೀಸಿಯಾದ (ಈಗ ಬಹುಪಾಲು ಪೋಲೆಂಡಿನಲ್ಲಿದೆ) ಟೈಫಸ್, ಅಂದರೆ ಹೇನಿನಿಂದ ಹರಡುವ ಜ್ವರ, ನೋಡಿಬರಲು ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ರುಡಾಲ್ಫ್ ವಿರ್ಕೋ ಎಂಬ ಯುವ ವೈದ್ಯರನ್ನು ಕಳಿಸಿತು. ಪೋಲಿಷ್ ಮಾತಾಡುವ ಬಡಜನರ ನಾಡು ಅದು. ವಿರ್ಕೋ ಬರೆದ ಮದ್ದಿನ ಚೀಟಿಯಲ್ಲಿ ಪ್ರಜಾಪ್ರಭುತ್ವ, ಶಾಲೆ, ರಸ್ತೆ, ಜನರದೇ ಭಾಷೆಗೆ ಮನ್ನಣೆ ಇದ್ದವು! ನೀವೂ ಕೇಳಿ: ಇಲ್ಲಿನ ಹಣದ ತೀರ್ಮಾನ ಯಾರ ಕೈಲಿದೆ? ನರ್ಸ್ ಯಾವ ಭಾಷೆಯಲ್ಲಿ ಮಾತಾಡುತ್ತಾರೆ?

ಎರಡು ನಾಡು ಒಂದಾದ ಕಥೆ ನಿಮ್ಮದಾದರೆ ಆಗಿನ ಒಂದೆರಡು ವರ್ಷ ನೋಡಿ ತೀರ್ಮಾನಕ್ಕೆ ಬರಬೇಡಿ. 1990ರಲ್ಲಿ ಜರ್ಮನಿ ಒಂದಾದ ಮೇಲೆ ಪೂರ್ವ ಮತ್ತು ಪಶ್ಚಿಮದ ಹೆಂಗಸರ ಆಯಸ್ಸು ಹತ್ತಿರ ಹತ್ತಿರ ಸಮವಾಯಿತು, ಗಂಡಸರಲ್ಲಿ ಅಂತರ ಉಳಿದುಕೊಂಡಿತು. ಗ್ರಾಫಿನಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಗೆರೆ ಎಳೆದು, ಕನಿಷ್ಠ 20 ವರ್ಷ ಮುಂದಕ್ಕೆ ನೋಡಿ.