ಹತ್ತು ಸಲ ಒತ್ತಿದ್ರೂ ಆನ್ ಆಗದ ಡೆಸ್ಕ್‌ಟಾಪ್ ಈಗ ಒಂದೇ ಒತ್ತಿಗೆ ಆನ್: ನನ್ನ ಅನುಭವ

ಎಂಟು ತಿಂಗಳಿಂದ ನನ್ನ ಡೆಸ್ಕ್‌ಟಾಪ್ ಬೆಳಿಗ್ಗೆ ಒಂದೇ ಸಲಕ್ಕೆ ಆನ್ ಆಗ್ತಿದೆ, ಒಂದು ದಿನಾನೂ ಕೈಕೊಟ್ಟಿಲ್ಲ. ಮದರ್‌ಬೋರ್ಡ್ ಹೋಗಿದೆ, ಎಸೆದು ಹೊಸದು ತಗೊಳ್ಳಿ ಅಂದವರು ಒಬ್ಬಿಬ್ಬರಲ್ಲ, ಅದಕ್ಕೇ ಬರೀತಿದೀನಿ.

ಬೆಳಿಗ್ಗೆ ಬಟನ್ ಒತ್ತಿದ್ರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡೋದು. ಮತ್ತೆ ಒತ್ತು, ಮತ್ತೆ ಅರ್ಧ ಸುತ್ತು, ಹತ್ತು ಹನ್ನೆರಡು ಸಲ ಆದ್ಮೇಲೆ ಯಾವಾಗಲೋ ಹಿಡ್ಕೊಳ್ಳೋದು. ಒಮ್ಮೆ ಹಿಡೀತು ಅಂದ್ರೆ ರಾತ್ರಿವರೆಗೂ ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ತೊಂದ್ರೆ ಇಲ್ಲ.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ರ್‍ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದೆ, ಸಿಮಾಸ್ ಸೆಲ್ (ಮದರ್‌ಬೋರ್ಡ್ ಮೇಲಿನ, ಗಡಿಯಾರ ನಡೆಸೋ ಗುಂಡಿ ಸೆಲ್) 2.6 ವೋಲ್ಟ್‌ಗೆ ಇಳಿದಿತ್ತು, ಬದಲಾಯಿಸಿದೆ, ಗಡಿಯಾರ ಸರಿಹೋಯ್ತು ಅಷ್ಟೇ. ಆಮೇಲೆ ಯಾರದೋ ಮಾತು ಕೇಳಿ ಹೊಸ ರ್‍ಯಾಮ್ ತಗೊಂಡೆ, ಆ ದುಡ್ಡು ಪೂರ್ತಿ ದಂಡ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಸ್ನೇಹಿತರ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ತಂದು ಹಾಕಿ ನೋಡಿದ್ದೂ ಆಯ್ತು, ಆದ್ರೆ ನೋಡಿದ್ದು ಸಂಜೆ, ಸಂಜೆ ಹೊತ್ತು ನಂದೂ ಸರಿಯಾಗೇ ಆನ್ ಆಗ್ತಿತ್ತು, ಹಾಗಾಗಿ ಎಸ್‌ಎಂಪಿಎಸ್ ತಪ್ಪಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಎರಡು ತಿಂಗಳು ಹಾಳಾಗಿದ್ದು ಈ ಒಂದು ತಪ್ಪಿಂದ. ತಣ್ಣಗಿದ್ದಾಗ ಬರೋ ರೋಗನ ತಣ್ಣಗಿದ್ದಾಗಲೇ ನೋಡ್ಬೇಕು.

ಸುಳಿವು ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ರಾತ್ರಿ ಗೋಡೆ ಸ್ವಿಚ್ ಆರಿಸೋದು ಮರ್ತೋಗಿತ್ತು, ಬೆಳಿಗ್ಗೆ ಒಂದೇ ಒತ್ತಿಗೆ ಆನ್! ಮಾರನೇ ರಾತ್ರಿ ಬೇಕಂತಲೇ ಆರಿಸಿದೆ, ಬೆಳಿಗ್ಗೆ ಮತ್ತೆ ಅದೇ ಗೋಳು. ಅಂದ್ರೆ ತಪ್ಪು ಸ್ಟ್ಯಾಂಡ್‌ಬೈ ಸರ್ಕ್ಯೂಟಿಂದು, ಕಂಪ್ಯೂಟರ್ ಆಫ್ ಇದ್ರೂ ಗೋಡೆ ಸ್ವಿಚ್ ಆನ್ ಇರೋವರೆಗೂ ಎಚ್ಚರವಾಗಿರೋ ಎಸ್‌ಎಂಪಿಎಸ್ ಭಾಗ ಅದು. ಅದರ ನೇರಳೆ ವೈರಿಗೆ ಮೀಟರ್ ಹಿಡಿದ್ರೆ 5 ವೋಲ್ಟ್ ಅಲ್ಲಾಡದೆ ನಿಲ್ಬೇಕು, ನನಗೆ 3, 4ರ ಮಧ್ಯೆ ಕುಣೀತಿತ್ತು, ಇಪ್ಪತ್ತು ನಿಮಿಷ ಆದ್ಮೇಲೆ 5ಕ್ಕೆ ಬಂದು ನಿಂತಿತು. ಖಾತ್ರಿ ಮಾಡ್ಕೊಳ್ಳೋಕೆ ಇನ್ನೊಂದು ಬೆಳಿಗ್ಗೆ ಹೇರ್ ಡ್ರೈಯರಲ್ಲಿ ಎಸ್‌ಎಂಪಿಎಸ್ ಜಾಲರಿ ಮೂಲಕ ಎರಡು ನಿಮಿಷ ಬಿಸಿಗಾಳಿ ಬಿಟ್ಟೆ, ಮೊದಲ ಒತ್ತಿಗೇ ಎದ್ದಿತು. ಮೂರು ದಿನ ಹೀಗೇ ಮಾಡಿದೆ, ಮೂರು ದಿನಾನೂ ಅದೇ ಉತ್ತರ. ಒಳಗಿನ ದ್ರವ ಒಣಗಿದ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಬಿಡಿಭಾಗ) ಬಿಸಿಯಾದ್ರೆ ಸ್ವಲ್ಪ ಚೇತರಿಸ್ಕೊಳ್ಳತ್ತೆ, ಗುಟ್ಟು ಇಷ್ಟೇ.

ಎಸ್‌ಎಂಪಿಎಸ್ ಬಿಚ್ಚಿದೆ. ದೊಡ್ಡ ಕೆಪಾಸಿಟರಲ್ಲಿ, 230 ವೋಲ್ಟ್ ಲೈನ್ ಇರೋ ಕಡೆ, ಸುಮಾರು 325 ವೋಲ್ಟ್ ಡಿಸಿ ಕೂತಿರತ್ತೆ, ಪ್ಲಗ್ ಕಿತ್ತ ಮೇಲೂ ಇರಬಹುದು, ಮೀಟರಲ್ಲಿ ನೋಡ್ದೆ ಕೈ ಹಾಕ್ಲೇಬೇಡಿ. ನಾನು ಬಲ್ಬ್ ಹಚ್ಚಿ ಚಾರ್ಜ್ ಇಳಿಸಿ, ಮತ್ತೆ ಅಳೆದು, ಆಮೇಲೆ ಮುಟ್ಟಿದ್ದು. ಔಟ್‌ಪುಟ್ ಕಡೆ ಮೂರು ಕೆಪಾಸಿಟರ್ ತಲೆ ಉಬ್ಬಿತ್ತು, ಸಿಕ್ಕಿದ ಕಳ್ಳ ಅಂತ ಮೂರನ್ನೂ ಬದಲಾಯಿಸಿದೆ. ಬೆಳಿಗ್ಗೆ ಹನ್ನೆರಡು ಒತ್ತು ಹೋಗಿ ಎಂಟಾಯ್ತು, ಅಷ್ಟೇ ಲಾಭ. ಅದರಲ್ಲೂ ಒಂದನ್ನ ಮೊದಲ ಸಲ ಉಲ್ಟಾ ಹಾಕಿಬಿಟ್ಟಿದ್ದೆ, ಬೋರ್ಡ್ ಮೇಲೆ ಬಣ್ಣ ತುಂಬಿದ ಭಾಗ ಮೈನಸ್ ಅಂದ್ಕೊಂಡಿದ್ದೆ, ಈ ಬೋರ್ಡಲ್ಲಿ ಅದು ಪ್ಲಸ್. ಪಟ್ ಅಂತ ಸಿಡೀತು, ರೂಮೆಲ್ಲಾ ಹೊಗೆ. ಹಳೇದು ಕೀಳೋ ಮುಂಚೆ ಒಂದು ಫೋಟೊ ತೆಗೆದುಕೊಳ್ಳಿ.

ನಿಜವಾದ ಕಳ್ಳ ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತಗಡು) ಪಕ್ಕ ಬೇಯ್ತಾ ಕೂತಿದ್ದ ಒಂದು ಪುಟಾಣಿ ಕೆಪಾಸಿಟರ್, ಸಾಮರ್ಥ್ಯ 47 ಮೈಕ್ರೋಫ್ಯಾರಡ್, 50 ವೋಲ್ಟ್. ಉಬ್ಬಿಲ್ಲ, ಸೋರಿಲ್ಲ, ನೋಡೋಕೆ ಹೊಚ್ಚ ಹೊಸದು. ಕಿತ್ತು ಅಳೆದ್ರೆ 47ರ ಬದಲು 12ರ ಆಸುಪಾಸು. ಸ್ಟ್ಯಾಂಡ್‌ಬೈ ಐಸಿಗೆ (ಆ ಸರ್ಕ್ಯೂಟ್ ನಡೆಸೋ ಚಿಪ್) ಕರೆಂಟ್ ಕೊಡೋದೇ ಇದು, ಇದು ಸೊರಗಿದ್ರೆ ಐಸಿ ಎದ್ದು ಎದ್ದು ಬೀಳತ್ತೆ. 105 ಡಿಗ್ರಿ ಬಿಸಿ ತಡೆಯೋ, ಲೋ ಇಎಸ್ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ) ಇರೋದನ್ನೇ ಹಾಕಿದೆ. ಖರ್ಚು ಹೊಸ ಮದರ್‌ಬೋರ್ಡ್ ಬೆಲೆಯ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಕೆಪಾಸಿಟರ್‌ಗಳಲ್ಲಿ, ಒಂದೊಂದೇ ಕೀಳದೆ, ಇದನ್ನೇ ಹೇಗೆ ಹಿಡಿದೆ ಅನ್ನೋದನ್ನ ಮಾತ್ರ ಹೇಳಲ್ಲ, ಅದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು.

ಇಂಥ ರೋಗ ಇದ್ರೆ ನಾಳೆ ನೋಡೋಣ ಅಂತ ಬಿಡಬೇಡಿ. ಕೆಲವು ಹಳೇ ಡಿಸೈನಲ್ಲಿ ಈ ಜಾಗದ ಕೆಪಾಸಿಟರ್ ಒಣಗಿದ್ರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಬೀಳೋ ಬದಲು ಏರಿಬಿಡತ್ತೆ, ಆಗ ಮದರ್‌ಬೋರ್ಡ್ ನಿಜವಾಗ್ಲೂ ಸುಟ್ಟೋಗಬಹುದು.

ಇದೇ ಹುಮ್ಮಸ್ಸಲ್ಲಿ ಮೂಲೆ ಸೇರಿದ್ದ ಮಾನಿಟರನ್ನೂ ಬಿಚ್ಚಿದೆ, ಲೈಟ್ ಮಿಣಮಿಣ ಅಂದು ಆರಿಹೋಗೋದು. ಅಲ್ಲೂ ಅಂಥದ್ದೇ ಪುಟಾಣಿ, ಅರ್ಧ ಗಂಟೇಲಿ ಮುಗೀತು. ಈಗ ಪ್ರಿಂಟರ್ ಅಡಾಪ್ಟರ್ ಟೇಬಲ್ ಮೇಲಿದೆ, ಅಂಟು ಹಾಕಿ ಮುಚ್ಚಿದಾರೆ, ಮುರೀದೆ ಬಿಚ್ಚೋ ದಾರಿ ಹುಡುಕ್ತಾ ಇದೀನಿ.