ಗೆದ್ದ ಪಾಟ್‌ನಿಂದ ಡೀಲರ್‌ಗೊಂದು ಚಿಪ್

ಲಾಸ್ ವೇಗಸ್‌ನ ಪೋಕರ್ ಕೋಣೆಯೊಂದರಲ್ಲಿ ಮೊದಲ ಸಲ ಆಡಲು ಕುಳಿತ ದಿನ, ಗೆದ್ದ ಚಿಪ್‌ಗಳನ್ನೆಲ್ಲ (ಹಣದ ಬದಲು ಬಳಸುವ ಬಿಲ್ಲೆಗಳು) ಬಾಚಿಕೊಂಡು ಸುಮ್ಮನೆ ಜೋಡಿಸತೊಡಗಿದೆ. ಮುಂದಿನ ಆಟ ಗೆದ್ದ ಪಕ್ಕದ ಹಿರಿಯರು ಒಂದು ಡಾಲರಿನ ಚಿಪ್ಪನ್ನು ಎಲೆ ಹಂಚುವ ಡೀಲರ್ ಕಡೆ ಸರಿಸಿದರು. ಆಕೆ ಅದನ್ನು ಚಿಪ್ ತಟ್ಟೆಯ ಅಂಚಿಗೆ ಟಕ್ ಟಕ್ ಎಂದು ತಟ್ಟಿ, ಥ್ಯಾಂಕ್ಸ್ ಹೇಳಿ ಅಂಗಿಯ ಜೇಬಿಗೆ ಹಾಕಿಕೊಂಡರು. ಈ ಚಿಪ್ ತನಗೆ ಕೊಟ್ಟದ್ದು ಎಂದು ಮೇಲಿನ ಕ್ಯಾಮೆರಾಕ್ಕೆ ತಿಳಿಸುವ ಸನ್ನೆ ಅದು.

ಒಂದು ಆಟದಲ್ಲಿ ಎಲ್ಲರೂ ಕಟ್ಟಿದ ಹಣವೇ ಪಾಟ್. ಹೆಚ್ಚಿನ ಪಾಟ್‌ಗಳಿಂದ ಕ್ಯಾಸಿನೊ ರೇಕ್ ಎಂದು ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದರ ಮೇಲೆ ಟಿಪ್ಸ್ ಏಕೆ ಎಂದು ನಾನೂ ಕೇಳಿದ್ದುಂಟು. ರೇಕ್ ಡೀಲರ್ ಕೈಸೇರುವುದಿಲ್ಲ. ಅವರ ಸಂಬಳ ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸಿನದು. ಮನೆ ನಡೆಯುವುದು ಆಟಗಾರರು ಕೊಡುವ ಚಿಪ್‌ಗಳಿಂದ.

ಒಂದು ಮತ್ತು ಮೂರು ಡಾಲರಿನ ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಹಣ) ಇರುವ ಆಟದಲ್ಲಿ ಸಾಧಾರಣ ಪಾಟ್ ಗೆದ್ದರೆ ಒಂದು ಡಾಲರ್ ಕೊಡುತ್ತೇನೆ, ದೊಡ್ಡದಾದರೆ ಎರಡೋ ಮೂರೋ. ಬರೀ ಬ್ಲೈಂಡ್‌ಗಳಷ್ಟೇ ಸಿಕ್ಕಿದರೆ ಏನೂ ಕೊಡುವುದಿಲ್ಲ, ಯಾರೂ ನಿರೀಕ್ಷಿಸುವುದೂ ಇಲ್ಲ. ಪಾಟ್ ನನ್ನ ಮುಂದೆ ಬಂದ ಮೇಲೆಯೇ ಚಿಪ್ಪನ್ನು ಸರಿಸುತ್ತೇನೆ. ಕೊನೆಗೆ ಒಟ್ಟಿಗೆ ಕೊಟ್ಟರಾಯಿತು ಎಂದು ಉಳಿಸಿಕೊಂಡರೆ ಕೆಟ್ಟಿತು: ಡೀಲರ್‌ಗಳು ಅರ್ಧ ಗಂಟೆಗೊಮ್ಮೆ ಮೇಜು ಬದಲಿಸುತ್ತಾರೆ, ನಮಗೆ ಎಲೆ ಹಂಚಿದವರು ಆಗಲೇ ಬೇರೆಲ್ಲೋ ಇರುತ್ತಾರೆ. ಪಾನೀಯ ಉಚಿತವಾದರೂ ತಂದುಕೊಟ್ಟವರಿಗೆ ಒಂದೆರಡು ಡಾಲರ್ ಸಲ್ಲಬೇಕು. ಟೂರ್ನಮೆಂಟ್‌ನಲ್ಲಿ ಮಾತ್ರ ಮೊದಲು ನಿಯಮದ ಹಾಳೆ ಓದಿ. ಕೆಲವು ಕಡೆ ಪ್ರವೇಶ ಶುಲ್ಕದಲ್ಲೇ ಸಿಬ್ಬಂದಿಯ ಪಾಲನ್ನು ಮುರಿದುಕೊಂಡಿರುತ್ತಾರೆ.

ಆದರೆ ಹಣ ಚೆಲ್ಲಿ ಒರಟಾಗಿ ನಡೆದುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೊನೆಯ ಎಲೆಯಲ್ಲಿ ಸೋತ ಒಬ್ಬ ತನ್ನ ಎರಡೂ ಎಲೆಗಳನ್ನು ಬೀಸಿ ಎಸೆದ. ಅದರಲ್ಲೊಂದು ಎಲೆ ಡೀಲರ್‌ನ ಮಣಿಕಟ್ಟಿಗೆ ತಗುಲಿತು. ಅದುವರೆಗೆ ಧಾರಾಳವಾಗಿ ಟಿಪ್ಸ್ ಕೊಟ್ಟಿದ್ದವನೇ ಅವನು. ಆಕೆ ಏನೂ ಹೇಳದೆ ಎಲೆ ಆಯ್ದುಕೊಂಡು ಮುಂದಿನ ಆಟಕ್ಕೆ ಹಂಚಿದರು. ಅಂದಿನಿಂದ ನಾನು ಎಲೆಗಳನ್ನು ಅವರ ಕೈಗೆಟುಕುವಷ್ಟು ದೂರಕ್ಕೆ ಮೆಲ್ಲಗೆ ಜಾರಿಸುತ್ತೇನೆ, ಬೆಟ್ ಎಣಿಸಲು ಸುಲಭವಾಗುವಂತೆ ಜೋಡಿಸಿ ಇಡುತ್ತೇನೆ, ನನ್ನ ಸರದಿಗೆ ಮೊದಲು ಕೈ ಆಡಿಸುವುದಿಲ್ಲ.

ಒಮ್ಮೆ ಡೀಲರ್‌ನ ಪಕ್ಕದ ಸೀಟು ಸಿಕ್ಕಿತ್ತು. ಅಲ್ಲಿಂದ ಮೇಜಿನ ನಡುವೆ ತೆರೆದಿಡುವ ಎಲೆಗಳು ಸರಿಯಾಗಿ ಕಾಣುವುದಿಲ್ಲ. ಎದುರಿನ ಸೀಟು ಖಾಲಿಯಾದರೆ ಹೇಳಿ ಎಂದು ಕೇಳಿದ್ದೆ, ಆಮೇಲೆ ಆಟದ ಗುಂಗಿನಲ್ಲಿ ನಾನೇ ಮರೆತೆ. ಅಲ್ಲಿದ್ದವರು ಎದ್ದ ಕೂಡಲೇ ಡೀಲರ್ ಎಲೆ ಕಲೆಸುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು: "ಐದನೆಯ ಸೀಟು, ಈಗಲೂ ಬೇಕೇ?"