ಕಿನ್ನರಿ ಮತ್ತು ರಾಜಕುಮಾರ: ನಮ್ಮ ಕಲ್ಲುಗುಡ್ಡಗಳ ನಡುವೆ ಒಂದು ಪ್ರೇಮಕಥೆ ಬರೆಯುವುದು ಹೇಗೆ

ಕಿನ್ನರಿ ಮತ್ತು ರಾಜಕುಮಾರನ ಪ್ರೇಮಕಥೆ ಬರೆಯಲು ಕೂತವರು ಮೊದಲು ಅವಳ ರೆಕ್ಕೆಯ ಬಣ್ಣ ಯೋಚಿಸುತ್ತಾರೆ, ಆಮೇಲೆ ಅವನ ಕುದುರೆಯ ಹೆಸರು. ಅದೆಲ್ಲ ನಿಧಾನಕ್ಕೆ ಬರಲಿ. ಮೊದಲು ಬೇಕಾದದ್ದು ಒಂದು ಷರತ್ತು. ಇವರಿಬ್ಬರೂ ಒಟ್ಟಿಗೆ ಇರಬೇಕಾದರೆ ಯಾವ ಮಾತು ಮುರಿಯಬಾರದು? ಈ ಒಂದು ಸಾಲು ಗಟ್ಟಿಯಾಗುವವರೆಗೆ ಮೊದಲ ಅಧ್ಯಾಯಕ್ಕೆ ಕೈ ಹಾಕಬೇಡಿ.

ನಮ್ಮ ಹಳೆಯ ಕಥೆಗಳು ನಿಂತಿರುವುದೇ ಇದರ ಮೇಲೆ. ಅಪ್ಸರೆ ಊರ್ವಶಿ ರಾಜ ಪುರೂರವನ ಜೊತೆ ಇರಲು ಒಪ್ಪುವಾಗ ಷರತ್ತು ಹಾಕುತ್ತಾಳೆ: ನೀನು ಬೆತ್ತಲಾಗಿ ನನ್ನ ಕಣ್ಣಿಗೆ ಬೀಳಬಾರದು. ಗಂಧರ್ವರು ರಾತ್ರಿ ಬಂದು ಅವಳ ಮಂಚದ ಬಳಿ ಕಟ್ಟಿದ್ದ ಕುರಿಮರಿಗಳನ್ನು ಕದಿಯುತ್ತಾರೆ, ಅವಳು ಇಲ್ಲಿ ಗಂಡಸರೇ ಇಲ್ಲವೇ ಅಂತ ಕೂಗುತ್ತಾಳೆ, ಅವನು ಮೈಮೇಲೆ ಬಟ್ಟೆ ಇಲ್ಲದ್ದನ್ನೂ ಮರೆತು ಎದ್ದು ಓಡುತ್ತಾನೆ, ಅಷ್ಟರಲ್ಲಿ ಮಿಂಚು ಹೊಳೆಯುತ್ತದೆ. ಮುಗಿಯಿತು. ಇವರಿಬ್ಬರ ಮಾತುಕತೆ ಋಗ್ವೇದದ ಹತ್ತನೆಯ ಮಂಡಲದಲ್ಲೇ ಇದೆ, ಅಂದರೆ ಈ ಬಗೆಯ ಕಥೆ ನಮಗೆ ಹೊಸದೇನಲ್ಲ. ಶಂತನು ಮತ್ತು ಗಂಗೆಯದೂ ಹಾಗೇ. ನಾನು ಏನು ಮಾಡಿದರೂ ಕೇಳಬಾರದು ಅಂತ ಅವಳು ಹೇಳಿರುತ್ತಾಳೆ. ಏಳು ಮಕ್ಕಳನ್ನು ನೀರಿಗೆ ಬಿಟ್ಟಾಗ ಅವನು ಸುಮ್ಮನಿರುತ್ತಾನೆ, ಎಂಟನೆಯ ಮಗುವಿಗೆ ಬಾಯಿ ತೆರೆಯುತ್ತಾನೆ.

ಎರಡರಲ್ಲಿ ಶಂತನುವಿನದೇ ನಿಮಗೆ ಒಳ್ಳೆಯ ಮಾದರಿ ಅನ್ನುತ್ತೇನೆ. ಪುರೂರವ ಮಾತು ಮುರಿದದ್ದು ಗಡಿಬಿಡಿಯಲ್ಲಿ, ಶಂತನು ಮುರಿದದ್ದು ಮಗು ಉಳಿಯಲಿ ಅಂತ. ಹದಿನಾರು ಹದಿನೇಳರ ಓದುಗರು ದಡ್ಡತನದಿಂದ ಮುರಿದ ಮಾತನ್ನು ಕ್ಷಮಿಸುವುದಿಲ್ಲ. ಒಳ್ಳೆಯದನ್ನು ಮಾಡಲು ಹೋಗಿ ಮುರಿದರೆ ಅವರೂ ಜೊತೆಗೆ ಒದ್ದಾಡುತ್ತಾರೆ. ಒಂದು ಉದಾಹರಣೆ ನೋಡಿ. ಕಿನ್ನರಿ ಹೇಳುತ್ತಾಳೆ: ಹೊಳೆಯ ಮೇಲೆ ಮಾತ್ರ ನನ್ನ ಹೆಸರು ಹಿಡಿದು ಕರೆಯಬೇಡ. ಇದರಲ್ಲಿ ಏನು ಕಷ್ಟ ಅಂತ ಅವನೂ ಒಪ್ಪುತ್ತಾನೆ, ಓದುಗರೂ ಒಪ್ಪುತ್ತಾರೆ. ಆಮೇಲೆ ಮುಂಗಾರಿನಲ್ಲಿ ತುಂಗಭದ್ರೆ ಕೆಂಪಾಗಿ ತುಂಬಿ ಬರುತ್ತದೆ, ಅವಳು ಕೂತ ಹರಿಗೋಲು ಸುಳಿಗೆ ಸಿಕ್ಕು ಬಂಡೆಯ ಕಡೆ ಹೋಗುತ್ತಿದೆ, ಅವಳು ಅದನ್ನು ನೋಡುತ್ತಿಲ್ಲ. ಈಗ ಅವನು ಏನು ಮಾಡಬೇಕು? ನಿಮ್ಮ ಕಾದಂಬರಿಯ ನಡುಮನೆ ಇದೇ.

ಇನ್ನು ಜಾಗ. ದಯವಿಟ್ಟು ಹಿಮ ಬೀಳುವ ಕಾಡು ಬೇಡ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಹಿಮ ನೋಡಿಲ್ಲ, ಆದರೆ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಾದ ಬಂಡೆಗೆ ಅಂಗೈ ಇಟ್ಟು ನೋಡಿದ್ದಾರೆ. ಕಿನ್ನರ ಲೋಕದ ಬಾಗಿಲು ಬೇಕಾದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ. ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಸಮಾಧಿಗಳು ಅಲ್ಲಿ ನೂರಾರಿವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಲಿನ ಕೋಣೆಗಳು, ಕೆಲವಕ್ಕೆ ಗೋಡೆಯಲ್ಲಿ ದುಂಡಗಿನ ಕಿಂಡಿ. ಊರಿನವರು ಇದನ್ನು ಮೋರೇರ ಗುಡ್ಡ ಅನ್ನುತ್ತಾರೆ, ಬಹಳ ಗಿಡ್ಡ ಜನ ಇಲ್ಲಿ ವಾಸವಿದ್ದರು ಅನ್ನುವುದು ಅವರ ನಂಬಿಕೆ. ಗುಡ್ಡದ ಮೇಲೆ ನಗಾರಿಯಂತೆ ಸದ್ದು ಮಾಡುವ ಒಂದು ದೊಡ್ಡ ಗುಂಡೂ ಇದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಬಾಗಿಲೂ ಇದೆ, ಕರೆಗಂಟೆಯೂ ಇದೆ, ಇನ್ನೇನು ಬೇಕು? ನೋಡಲು ಹೋದಾಗ ಮಾತ್ರ ಕಲ್ಲುಗಳನ್ನು ಏರಬೇಡಿ, ಒರಗಬೇಡಿ. ಎಷ್ಟೋ ಚಪ್ಪಡಿಗಳು ಈಗಾಗಲೇ ಬಿದ್ದಿವೆ.

ನೀರಿನ ಕಿನ್ನರಿ ಬೇಕು ಅನ್ನುವವರಿಗೆ ಹೊಳೆಯೇ ಇದೆಯಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ನೀರುನಾಯಿಗಳು ಗುಂಪಾಗಿ ಮೀನು ಹಿಡಿಯುತ್ತವೆ, ಒಂದಕ್ಕೊಂದು ಕೂಗಿ ಮಾತಾಡುತ್ತವೆ. ಅವಳ ಬಳಗ ಅಂತ ಅವನ್ನೇ ಇಟ್ಟುಕೊಳ್ಳಬಹುದು. ಕಥೆ ಹಳೆಯ ಕಾಲದ್ದಾದರೆ ಅಣೆಕಟ್ಟು ಇರಲಿಲ್ಲ ಅನ್ನುವುದು ನೆನಪಿರಲಿ. ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು, ಹಾಗಾದರೆ ಅವಳ ಮೈಯ ಬಲವೂ ಸೊರಗಬೇಕು.

ಈಗ ನನಗೆ ತುಂಬ ಇಷ್ಟದ ವಿಷಯಕ್ಕೆ ಬರುತ್ತೇನೆ: ಕಬ್ಬಿಣ. ಐರ್ಲೆಂಡ್, ಸ್ಕಾಟ್ಲೆಂಡ್ ಜನಪದ ಕಥೆಗಳಲ್ಲಿ ಕಿನ್ನರರಿಗೆ ಕಬ್ಬಿಣ ಆಗುವುದಿಲ್ಲ, ತೊಟ್ಟಿಲಿಗೆ ಕಬ್ಬಿಣದ ಕತ್ತರಿ ತೂಗುಹಾಕಿದರೆ ಅವರು ಮಗುವಿನ ಹತ್ತಿರ ಬರುವುದಿಲ್ಲ. ನಮ್ಮಲ್ಲೂ ಬಾಣಂತಿ ಕೋಣೆಯಲ್ಲಿ ಕುಡಗೋಲೋ ಚಾಕುವೋ ಇಡುತ್ತಾರೆ, ಅಲ್ವಾ? ಎರಡು ಕಡೆಯೂ ನಂಬಿಕೆ ಒಂದೇ. ಆದರೆ ನಮ್ಮ ಸಂಡೂರಿನ ಗುಡ್ಡಗಳಲ್ಲಿ ಇರುವುದೇ ಕಬ್ಬಿಣದ ಅದಿರು, ಅಲ್ಲಿ ನಡೆದರೆ ಪಾದವೇ ಕೆಂಪಾಗುತ್ತದೆ. ಕಬ್ಬಿಣ ಸುಡುವ ಹುಡುಗಿ ಅಂಥ ನೆಲದ ಮೇಲೆ ಹೇಗೆ ಕಾಲಿಡುತ್ತಾಳೆ? ಬಹುಶಃ ಹೊಳೆ ಬಿಟ್ಟು ದಕ್ಷಿಣಕ್ಕೆ ಅವಳು ಹೋಗುವುದೇ ಇಲ್ಲ. ರಾಜಕುಮಾರನನ್ನು ಸೆರೆಹಿಡಿದು ಸಂಡೂರಿನ ಕಡೆ ಒಯ್ದರೆ ಅವಳು ಏನು ಮಾಡುತ್ತಾಳೆ? ಅಥವಾ ಇದನ್ನು ತಿರುಗಿಸಿ. ನಮ್ಮ ಕಡೆಯ ಕಿನ್ನರಿಗೆ ಅದಿರಿನಿಂದ ತೊಂದರೆ ಇಲ್ಲ, ಅದು ಮಣ್ಣು. ಬೆಂಕಿಯಲ್ಲಿ ಕಾಯಿಸಿ ಬಡಿದು ಕತ್ತಿ ಮಾಡಿದ ಮೇಲೆ ಮಾತ್ರ ಅದು ಅವಳನ್ನು ಸುಡುತ್ತದೆ. ಹಾಗಾದರೆ ರಾಜಕುಮಾರ ಅವಳ ಹತ್ತಿರ ಬರಬೇಕಾದರೆ ಪ್ರತಿ ಸಲವೂ ಸೊಂಟದ ಕತ್ತಿ ಬಿಚ್ಚಿಟ್ಟು ಬರಬೇಕು. ಶತ್ರುಗಳಿಗೆ ಅದು ಗೊತ್ತಾದರೆ ಕಥೆ ತಾನೇ ಓಡುತ್ತದೆ. ನನ್ನ ಮತ ಇದಕ್ಕೇ.

ಊಟದ ನಿಯಮವನ್ನೂ ಆ ಐರ್ಲೆಂಡ್, ಸ್ಕಾಟ್ಲೆಂಡ್ ಕಥೆಗಳಿಂದಲೇ ತಗೊಳ್ಳಬಹುದು. ಕಿನ್ನರರ ಲೋಕದ ಊಟ ಉಂಡ ಮನುಷ್ಯ ವಾಪಸ್ ಬರಲಾರ. ನಮ್ಮ ಕಥೆಯಲ್ಲಿ ಅವಳೇ ಅವನ ಮನೆಯ ಜೋಳದ ರೊಟ್ಟಿ ಮುರಿದು ತಿಂದರೆ? 1400ರ ಸುಮಾರಿನ ಕಥೆಯಾದರೆ ತಟ್ಟೆಯಲ್ಲಿ ಮೆಣಸಿನಕಾಯಿ ಇಡಬೇಡಿ, ಅದು ಪೋರ್ಚುಗೀಸರು ಬಂದ ಮೇಲಿನದು. ಕರಿಮೆಣಸು, ಎಳ್ಳು, ಹುಣಸೆ ಸಾಕು.

ರಾಜಕುಮಾರ ಸಾಮ್ರಾಟನ ಮಗನೇ ಆಗಬೇಕಾಗಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುತ್ತಾರಲ್ಲ, ಆ ಕನಕಗಿರಿಯನ್ನು ಆಳಿದವರು ನಾಯಕರು. ಅಂಥ ಸಣ್ಣ ಸಂಸ್ಥಾನದ ಹುಡುಗನಾದರೆ ಅವನಿಗೆ ಕಪ್ಪ ಕಟ್ಟುವ ಚಿಂತೆ, ಮಳೆಯ ಚಿಂತೆ ಇರುತ್ತದೆ, ಕಳೆದುಕೊಳ್ಳಲು ನಿಜವಾಗಿ ಏನಾದರೂ ಇರುತ್ತದೆ. ಅವನಿಗೆ ಹತ್ತೊಂಬತ್ತು ವರ್ಷ ಅಂದುಕೊಳ್ಳಿ. ಅವಳನ್ನೂ ಅವಳ ಜನರ ಲೆಕ್ಕದಲ್ಲಿ ಅಷ್ಟೇ ವಯಸ್ಸಿನವಳು ಮಾಡಿ. ಮುನ್ನೂರು ವರ್ಷದ ಎಲ್ಲ ಬಲ್ಲವಳು ಮತ್ತು ಏನೂ ತಿಳಿಯದ ಹುಡುಗ ಅಂದರೆ ಅದು ಸಮಜೋಡಿ ಅಲ್ಲ.

ಸಮ ಅನ್ನುವುದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಅಕ್ಕಸಾಲಿಗರ ಮಗಳು ಪರ್ತಾಳಳ ಕಥೆಯನ್ನು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ವಿಜಯನಗರದ ಒಂದನೇ ದೇವರಾಯ ಅವಳ ರೂಪದ ಸುದ್ದಿ ಕೇಳಿ ಒಡವೆ ಕಳಿಸುತ್ತಾನೆ. ಅರಮನೆಗೆ ಹೋದವರು ಮತ್ತೆ ತಂದೆತಾಯಿಯ ಮುಖ ನೋಡುವಂತಿಲ್ಲ ಅನ್ನುವ ಕಾರಣಕ್ಕೆ ಅವಳು ಒಲ್ಲೆ ಅನ್ನುತ್ತಾಳೆ. ಅವನು ದಂಡು ತರುತ್ತಾನೆ, 1406ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹನ ಜೊತೆ ಯುದ್ಧವೇ ಆಗುತ್ತದೆ, ಕೊನೆಗೆ ಸುಲ್ತಾನ ಅವಳನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡುತ್ತಾನೆ. ಎರಡು ರಾಜ್ಯ ಹೊಡೆದಾಡಿದವು, ಅವಳು ಅಂದ ಒಂದು ‘ಒಲ್ಲೆ’ಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಿಮ್ಮ ರಾಜಕುಮಾರ ಕಿನ್ನರಿಯ ‘ಒಲ್ಲೆ’ಯನ್ನು ಮೊದಲ ಸಲಕ್ಕೇ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡು ಎದ್ದು ಹೋಗಬೇಕು. ಅವನು ಹೋದ ಮೇಲೆ ಅವಳೇ ಅವನ ದಾರಿ ನೋಡುವಂತೆ ಆದರೆ ಅಲ್ಲಿಂದ ಪ್ರೀತಿ ಶುರು.

ಮಾತು ಗ್ರಂಥದ ಭಾಷೆಯಲ್ಲಿ ಬೇಡ. ‘ಎಲೈ ಸುಂದರಿಯೇ’ ಅಂದ ಕೂಡಲೇ ಓದುಗರು ಪುಟ ಹಾರಿಸುತ್ತಾರೆ. ಕೋಟೆಯಲ್ಲಿ ಎಲ್ಲರೂ ಅವನಿಗೆ ಬಹುವಚನ ಹಚ್ಚುತ್ತಾರೆ, ಹರಿಗೋಲಿನ ಅಜ್ಜ ಕೂಡ ‘ಸಣ್ಣ ದೊರಿ, ಹೊತ್ತು ಮುಳುಗಾಕ ಬಂತು, ನಡೀರಿ’ ಅನ್ನುತ್ತಾನೆ. ಏಕವಚನ ಹಚ್ಚುವವಳು ಇವಳೊಬ್ಬಳೇ. ಹೀಗೆ:

‘ದಿನಾ ಇಲ್ಲಿಗೆ ಯಾಕ ಬರ್ತಿ?’

‘ನೀರು ನೋಡಾಕ.’

‘ನಿಮ್ಮ ಕ್ವಾಟಿಯಾಗ ನೀರಿಲ್ಲೇನು?’

‘ಐತಿ. ಅದು ಮಾತಾಡಂಗಿಲ್ಲ.’

ಇಷ್ಟೇ ಸಾಕು. ಇಲ್ಲಿ ಯಾರೂ ಪ್ರೀತಿ ಅನ್ನಲಿಲ್ಲ. ಆ ಮಾತನ್ನು ಆದಷ್ಟು ಮುಂದೂಡಿ. ಇಬ್ಬರೂ ಸೇರಿ ಮಾಡುವ ಒಂದು ಕೆಲಸ ಕೊಡಿ: ಒಣಗಿದ ಬಾವಿಗೆ ನೀರು ತರುವುದು, ಕಳೆದ ನೀರುನಾಯಿ ಮರಿ ಹುಡುಕುವುದು, ಏನಾದರೂ. ಸುಮ್ನೆ ಬೆಳದಿಂಗಳಲ್ಲಿ ಕೂರಿಸಿದರೆ ಅವರಿಗೇ ಮಾತು ಸಿಗುವುದಿಲ್ಲ. ಯುದ್ಧದ ವಿವರ ಜಾಸ್ತಿ ಬೇಡ, ಒಂದು ಅಧ್ಯಾಯ ಸಾಕು.

ಕೊನೆ ಬರೆಯುವಾಗ ಷರತ್ತಿಗೆ ವಾಪಸ್ ಹೋಗಿ. ಅವನು ಹೊಳೆಯ ಮೇಲೆ ಅವಳ ಹೆಸರು ಕೂಗಿದ, ಅವಳು ಬದುಕಿದಳು, ಮಾತು ಮುರಿಯಿತು. ಯಾರೋ ಋಷಿ ಬಂದು ಶಾಪ ತೆಗೆದರು ಅಂತ ಮಾಡಿದರೆ ಅಷ್ಟು ಹೊತ್ತು ಕಟ್ಟಿದ್ದೆಲ್ಲ ಸುಳ್ಳಾಗುತ್ತದೆ. ಬೆಲೆ ತೆರಲೇಬೇಕು, ಆದರೆ ಇಬ್ಬರೂ ತೆರಲಿ. ಪುರೂರವನಿಗೆ ಊರ್ವಶಿ ವರ್ಷ ಕಳೆದ ಮೇಲೆ ಒಂದು ರಾತ್ರಿ ಸಿಗುತ್ತೇನೆ ಅಂದಿದ್ದಳು. ನಿಮ್ಮವಳೂ ವರ್ಷಕ್ಕೊಮ್ಮೆ ಹೊಳೆ ತುಂಬಿದಾಗ ಬರಬಹುದು, ಅಥವಾ ಅವನು ಪಟ್ಟವನ್ನು ತಂಗಿಗೆ ಬಿಟ್ಟು ಹರಿಗೋಲು ಹಾಕಲು ಕಲಿಯಬಹುದು. ಎರಡನೆಯದನ್ನು ಆರಿಸಿದರೆ ಆ ತಂಗಿ ಮೂರನೆಯ ಅಧ್ಯಾಯದಿಂದಲೇ ಕಥೆಯಲ್ಲಿ ಓಡಾಡುತ್ತಿರಲಿ, ಕೊನೆಗೆ ಎಲ್ಲಿಂದಲೋ ಎಳೆದು ತಂದಂತೆ ಆಗಬಾರದು.